ಅನಿಲದಲ್ಲಿ ತೇಲುವ ಅಲ್ಯುಮಿನಿಯಂ ಧೂಳಿನ ಡೆಟೊನೇಶನ್: ಮಾದರಿಯನ್ನು ಯಾವ ಕ್ರಮದಲ್ಲಿ ಕಟ್ಟಬೇಕು

ಕಾರವಾರ, ಹಳಿಯಾಳದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿರಲಿ, ಶಿರಸಿಯ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಸಿಎಫ್‌ಡಿ (ಹರಿವಿನ ಕಂಪ್ಯೂಟರ್ ಲೆಕ್ಕ) ಮಾಡಿಕೊಡುವವರಿರಲಿ, ಧೂಳು–ಅನಿಲ ಡೆಟೊನೇಶನ್ (ಆಘಾತ ತರಂಗದೊಂದಿಗೆ ಶಬ್ದಕ್ಕಿಂತ ವೇಗವಾಗಿ ಓಡುವ ದಹನ) ಮಾದರಿಗೆ ಕೈಹಾಕಿದವರ ದೂರು ಸಾಮಾನ್ಯವಾಗಿ ಮೂರೇ. ಅಲೆ ಅರ್ಧ ದಾರಿಯಲ್ಲಿ ಸತ್ತುಹೋಗುತ್ತದೆ. ಇಲ್ಲವೇ ವೇಗ ಇರಬೇಕಾದ್ದಕ್ಕಿಂತ ವಿಪರೀತ ಜಾಸ್ತಿ ಬರುತ್ತದೆ. ಇಲ್ಲವೇ ಅನಿಲ ಉರಿದು ಮುಗಿದರೂ ಧೂಳು ಹೊತ್ತಿಕೊಳ್ಳುವುದೇ ಇಲ್ಲ. ದೂರು ಬಂದ ಕೂಡಲೇ ಸಾಲ್ವರ್ ಬದಲಿಸುತ್ತಾರೆ, ಮೆಶ್ (ಲೆಕ್ಕದ ಜಾಲರಿ) ಸಣ್ಣದು ಮಾಡುತ್ತಾರೆ, ವಾರಗಟ್ಟಲೆ ಓಡಿಸುತ್ತಾರೆ. ತಪ್ಪು ಹೆಚ್ಚಾಗಿ ಅದಕ್ಕೂ ಹಿಂದೆಯೇ, ಕಾಗದದ ಮೇಲೆ ಅರ್ಧ ಗಂಟೆಯಲ್ಲಿ ಹಿಡಿಯಬಹುದಾದ ಜಾಗದಲ್ಲಿ ಆಗಿರುತ್ತದೆ.

ಕೆಳಗಿನ ಹಂತಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: 25 ಡಿಗ್ರಿ ಸೆಲ್ಸಿಯಸ್, 1 ವಾಯುಮಂಡಲ ಒತ್ತಡದಲ್ಲಿ ಸಮಪ್ರಮಾಣದ (ಹೈಡ್ರೋಜನ್, ಆಮ್ಲಜನಕ ಎರಡೂ ಉಳಿಯದೆ ಉರಿಯುವಷ್ಟರ) ಹೈಡ್ರೋಜನ್–ಗಾಳಿ ಮಿಶ್ರಣ, ಅಂದರೆ 29.5 ಶೇಕಡಾ ಹೈಡ್ರೋಜನ್. ಅದರಲ್ಲಿ 10 ಮೈಕ್ರೋಮೀಟರ್ ವ್ಯಾಸದ ಗುಂಡಗಿನ ಅಲ್ಯುಮಿನಿಯಂ ಕಣಗಳು, ಘನಮೀಟರಿಗೆ 200 ಗ್ರಾಂ. ನಿಮ್ಮ ಧೂಳು ಬೇರೆಯಾದರೆ ಅಂಕಿ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

## ಶುರುಮಾಡುವ ಮೊದಲು: ನಿಮಗೆ ಬೇಕಿರುವುದು ಡೆಟೊನೇಶನ್ ಮಾದರಿಯೇ?

ಮರದ ಮಿಲ್ಲಿನ ಹೊಟ್ಟು, ಗೇರುಬೀಜದ ಸಿಪ್ಪೆಯ ಪುಡಿ, ಮಸಾಲೆ ಗಿರಣಿಯ ಧೂಳು, ಹಿಟ್ಟು: ಇವುಗಳ ಅಪಾಯ ಬಹುತೇಕ ಡಿಫ್ಲಗ್ರೇಶನ್, ಅಂದರೆ ಶಬ್ದಕ್ಕಿಂತ ನಿಧಾನವಾಗಿ ಹಬ್ಬುವ ಜ್ವಾಲೆ. ಅಂಥ ಕಡೆ ಬೇಕಾಗುವುದು 20 ಲೀಟರ್ ಗೋಳದ ಪರೀಕ್ಷೆಯಿಂದ ಬರುವ ಗರಿಷ್ಠ ಒತ್ತಡ ಮತ್ತು ಒತ್ತಡ ಏರಿಕೆಯ ಸೂಚ್ಯಂಕ. ಒತ್ತಡ ಏರುವ ಗರಿಷ್ಠ ದರವನ್ನು ಪಾತ್ರೆಯ ಗಾತ್ರದ ಘನಮೂಲದಿಂದ ಗುಣಿಸಿದರೆ ಆ ಸೂಚ್ಯಂಕ ಸಿಗುತ್ತದೆ. ಅದು 200 ಬಾರ್–ಮೀಟರ್ ಪ್ರತಿ ಸೆಕೆಂಡಿಗಿಂತ ಕಡಿಮೆಯಿದ್ದರೆ ಮೊದಲ ವರ್ಗ, 300 ದಾಟಿದರೆ ಮೂರನೆಯ, ಅತಿ ಅಪಾಯದ ವರ್ಗ. ವೆಂಟ್ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಗೆ ಡೆಟೊನೇಶನ್ ಮಾದರಿಯಿಂದ ಉತ್ತರ ಕೊಡಲು ಹೋಗಬೇಡಿ. ಎಷ್ಟೇ ಚಂದದ ಚಿತ್ರ ಬಂದರೂ ಅದು ಬೇರೆ ಪ್ರಶ್ನೆಯ ಉತ್ತರ.

ಇನ್ನೊಂದು ಮಾತು. ಇಲ್ಲಿರುವುದೆಲ್ಲ ಕಂಪ್ಯೂಟರಿನಲ್ಲಿ ಮಾಡುವ ಕೆಲಸ. ತಾಳೆ ನೋಡಲು ಪ್ರಕಟವಾದ ಪ್ರಯೋಗಗಳ ಅಂಕಿ ಬಳಸಿ. ಲೋಹದ ಪುಡಿ ತಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ಎರಚಿ ನೋಡುವ ವಿಚಾರವೇ ಬೇಡ.

ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಪೈಥಾನ್ ಮತ್ತು ರಸಾಯನ ಕ್ರಿಯೆಗಳ ಲೆಕ್ಕಕ್ಕೆ ಕ್ಯಾಂಟೆರಾ, ಅದರ ಮೇಲೆ ಕ್ಯಾಲ್‌ಟೆಕ್‌ನ ಶಾಕ್ ಆಂಡ್ ಡೆಟೊನೇಶನ್ ಟೂಲ್‌ಬಾಕ್ಸ್. ಅನಿಲದ ಅಂಕಿಯನ್ನು ಇನ್ನೊಮ್ಮೆ ತಾಳೆ ನೋಡಲು ನಾಸಾದ ಸಿಇಎ ಎಂಬ ರಸಾಯನ ಸಮತೋಲನದ ಪ್ರೋಗ್ರಾಂ. ನೀವೇ ಬರೆದ ಒಂದು ಆಯಾಮದ ಕೋಡ್. ಎರಡು ಆಯಾಮಕ್ಕೆ ಹೋಗುವಾಗ ಮಾತ್ರ ಓಪನ್‌ಫೋಮ್ ಆಧಾರಿತ ಸಾಲ್ವರ್ ಅಥವಾ ಪೀಲೆ‌ಸಿ, ಚಿತ್ರಕ್ಕೆ ಪ್ಯಾರಾವ್ಯೂ. ಓಪನ್‌ಫೋಮ್‌ನಲ್ಲಿ ಮೊದಲು ಕಣ್ಣಿಗೆ ಬೀಳುವ ರೋಸೆಂಟ್ರಲ್‌ಫೋಮ್‌ನಲ್ಲಿ ರಸಾಯನವೇ ಇಲ್ಲ, ಅದನ್ನು ತಿಳಿದೇ ಆರಿಸಿ. ಐದನೇ ಹಂತದವರೆಗೆ ಸಾಧಾರಣ ಲ್ಯಾಪ್‌ಟಾಪ್ ಸಾಕು.

## ಹಂತ 1: ಅಳತೆಗಳನ್ನೆಲ್ಲ ಕಾಗದದ ಮೇಲೆ ಇಳಿಸಿ

ಸಾಲ್ವರ್ ತೆರೆಯುವ ಮೊದಲು ಈ ಪಟ್ಟಿ ಕೈಯಲ್ಲಿರಬೇಕು.

ಎಷ್ಟು ತೆಳು? ಅಲ್ಯುಮಿನಿಯಂ ಸಾಂದ್ರತೆ ಘನಮೀಟರಿಗೆ 2,700 ಕೆಜಿ. 0.2ನ್ನು 2,700ರಿಂದ ಭಾಗಿಸಿದರೆ ಕಣಗಳು ತುಂಬಿಕೊಂಡ ಜಾಗ ಒಟ್ಟು ಜಾಗದ ಲಕ್ಷಕ್ಕೆ ಸುಮಾರು 7 ಪಾಲು. ಆದ್ದರಿಂದ ಕಣ–ಕಣ ಡಿಕ್ಕಿ, ಕಣಗಳ ಒತ್ತಡ ಎರಡನ್ನೂ ಬಿಡಬಹುದು. ತೂಕದ ಲೆಕ್ಕದಲ್ಲಿ ಮಾತ್ರ ಹಾಗೆ ಬಿಡುವಂತಿಲ್ಲ: ಅನಿಲದ ಸಾಂದ್ರತೆ ಘನಮೀಟರಿಗೆ ಸುಮಾರು 0.855 ಕೆಜಿ, ಧೂಳು ಅದರ 23 ಶೇಕಡಾ.

ಕಣಗಳ ನಡುವಿನ ಅಂತರ. ಒಂದು ಕಣದ ತೂಕ 1.41 ನ್ಯಾನೋಗ್ರಾಂ. ಘನಮೀಟರಿಗೆ ಸುಮಾರು 14,000 ಕೋಟಿ ಕಣ. ಒಂದರಿಂದ ಇನ್ನೊಂದಕ್ಕೆ ಸರಾಸರಿ 0.19 ಮಿಮೀ. ಈ ಅಂಕಿಗೆ ಗೆರೆ ಹಾಕಿಟ್ಟುಕೊಳ್ಳಿ.

ಅನಿಲದ ಉದ್ದ. ಈ ಮಿಶ್ರಣದಲ್ಲಿ ಆಘಾತ ತರಂಗದಿಂದ ಶಾಖ ಬಿಡುಗಡೆಯವರೆಗಿನ ಇಂಡಕ್ಷನ್ ವಲಯ ಸುಮಾರು 0.2 ಮಿಮೀ. ಅಂದರೆ ಕಣಗಳ ನಡುವಿನ ಅಂತರದಷ್ಟೇ. ನಿಮ್ಮ ಮಾದರಿ ಆ ವಲಯದಲ್ಲಿ ‘ಧೂಳಿನ ಸಾಂದ್ರತೆ’ ಎಂದು ತೋರಿಸುವುದು ಒಂದೇ ಒಂದು ಸಾಲು ಕಣ. ಹಾಗಾಗಿ ಅಲ್ಲಿನ ಧೂಳಿನ ಅಂಕಿಯನ್ನು ಅನೇಕ ಪ್ರಯೋಗಗಳ ಸರಾಸರಿ ಎಂದು ಓದಬೇಕು, ಒಂದು ಪ್ರಯೋಗದ ಕ್ಷಣಚಿತ್ರ ಎಂದಲ್ಲ.

ಕಣ ವೇಗ ಹಿಡಿಯುವ ಸಮಯ. ಇಲ್ಲೇ ಬಹಳ ಮಂದಿ ಎಡವುವುದು. ಸ್ಟೋಕ್ಸ್ ಸೂತ್ರ ಹಾಕಿದರೆ ಸುಮಾರು 170 ಮೈಕ್ರೋಸೆಕೆಂಡು ಬರುತ್ತದೆ. ಆದರೆ ಅನಿಲ ಉರಿದ ನಂತರವೂ ಕಣಕ್ಕೂ ಅನಿಲಕ್ಕೂ ನಡುವೆ ಸೆಕೆಂಡಿಗೆ ಸುಮಾರು 875 ಮೀಟರ್ ವ್ಯತ್ಯಾಸ ಇರುತ್ತದೆ, ರೆನಾಲ್ಡ್ಸ್ ಸಂಖ್ಯೆ (ಹರಿವಿನ ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ) 150ರ ಆಸುಪಾಸು. ಶಿಲ್ಲರ್–ನೌಮನ್ ತಿದ್ದುಪಡಿ ಹಾಕಿದರೆ ಡ್ರ್ಯಾಗ್ (ಅನಿಲ ಕಣವನ್ನು ಎಳೆಯುವ ಬಲ) 5–6 ಪಟ್ಟು ಏರಿ ಸಮಯ 30 ಮೈಕ್ರೋಸೆಕೆಂಡಿಗೆ ಇಳಿಯುತ್ತದೆ. ಅಷ್ಟರಲ್ಲಿ ಅಲೆ ಸುಮಾರು 60 ಮಿಮೀ ಮುಂದೆ ಹೋಗಿರುತ್ತದೆ.

ಕಣ ಕಾಯುವ ಸಮಯ. ರಾಂಜ್–ಮಾರ್ಷಲ್ ಸೂತ್ರದಿಂದ ನಸೆಲ್ಟ್ ಸಂಖ್ಯೆ (ಹರಿವಿನಿಂದ ಕಣಕ್ಕೆ ಶಾಖ ಸಾಗುವ ಜೋರಿನ ಅಳತೆ) 8–9 ಬರುತ್ತದೆ, ಶಾಖದ ಕಾಲಮಾನ ಸುಮಾರು 20 ಮೈಕ್ರೋಸೆಕೆಂಡು. 300 ಕೆಲ್ವಿನ್‌ನಿಂದ ಆಕ್ಸೈಡ್ ಪದರ ಕರಗುವ 2,327 ಕೆಲ್ವಿನ್ ತಲುಪಲು ಇದರ ಒಂದೂವರೆ ಪಟ್ಟು ಹಿಡಿಯಿರಿ. 933 ಕೆಲ್ವಿನ್‌ನಲ್ಲಿ ಲೋಹ ಕರಗಲು ತಿನ್ನುವ ಕೆಜಿಗೆ 397 ಕಿಲೋಜೂಲ್ ಇದರ ಮೇಲೆ.

ಉರಿಯುವ ಸಮಯ. ಬೆಕ್‌ಸ್ಟೆಡ್ ಸೂತ್ರ: 0.00735ನ್ನು ವ್ಯಾಸದ 1.8 ಘಾತದಿಂದ ಗುಣಿಸಿ; ಅದನ್ನು ಆಕ್ಸಿಡೈಜರ್ ಅಂಶ, ಒತ್ತಡದ 0.1 ಘಾತ, ತಾಪಮಾನದ 0.2 ಘಾತ ಇವುಗಳ ಗುಣಲಬ್ಧದಿಂದ ಭಾಗಿಸಿ. ವ್ಯಾಸ ಮೈಕ್ರೋಮೀಟರಿನಲ್ಲಿ, ಒತ್ತಡ ವಾಯುಮಂಡಲದಲ್ಲಿ, ತಾಪಮಾನ ಕೆಲ್ವಿನ್‌ನಲ್ಲಿ, ಉತ್ತರ ಮಿಲಿಸೆಕೆಂಡಿನಲ್ಲಿ. ಆಕ್ಸಿಡೈಜರ್ ಅಂಶ ಎಂದರೆ ಆಮ್ಲಜನಕದ ಮೋಲ್ ಪಾಲು, ಅದಕ್ಕೆ ನೀರಾವಿಯ 0.6 ಪಟ್ಟು ಮತ್ತು ಇಂಗಾಲದ ಡೈಆಕ್ಸೈಡಿನ 0.22 ಪಟ್ಟು ಕೂಡಿಸಿದ್ದು. ನಮ್ಮ ಉದಾಹರಣೆಗೆ ಸುಮಾರು 0.4 ಮಿಲಿಸೆಕೆಂಡು ಬರುತ್ತದೆ. ಈ ಸೂತ್ರ 20 ಮೈಕ್ರೋಮೀಟರಿಗಿಂತ ದೊಡ್ಡ ಕಣಗಳಿಗೆ ಗಟ್ಟಿ. ಸಣ್ಣ ಕಣಗಳಲ್ಲಿ ವ್ಯಾಸದ ಪ್ರಭಾವ ಬಹಳ ತಗ್ಗುತ್ತದೆ, ಹಾಗಾಗಿ 10ಕ್ಕೆ ಇದನ್ನು ಅಂದಾಜು ಎಂದಷ್ಟೇ ಇಟ್ಟುಕೊಳ್ಳಿ, 1 ಅಥವಾ 2 ಮೈಕ್ರೋಮೀಟರಿಗೆ ಬಳಸಲೇಬೇಡಿ.

ಈಗ ಪಟ್ಟಿ ನೋಡಿ: ಅನಿಲಕ್ಕೆ 0.2 ಮಿಮೀ, ಕಣದ ವೇಗಕ್ಕೆ 60 ಮಿಮೀ, ಉರಿಯುವುದಕ್ಕೆ ಸುಮಾರು 400 ಮಿಮೀ. ಒಂದೇ ಮೆಶ್ಶಿನಲ್ಲಿ ಎರಡು ಸಾವಿರ ಪಟ್ಟು ಅಂತರ ಹಿಡಿಯಬೇಕು. ನಿಮ್ಮ ಡೊಮೇನ್ (ಲೆಕ್ಕ ಹಾಕುವ ಜಾಗ) 100 ಮಿಮೀ ಇದ್ದರೆ ಧೂಳಿನ ಶಾಖ ಡೊಮೇನಿನೊಳಗೆ ಬಿಡುಗಡೆಯಾಗುವುದೇ ಇಲ್ಲ. ‘ಧೂಳು ಹೊತ್ತಿಕೊಳ್ಳಲಿಲ್ಲ’ ಎಂಬ ದೂರುಗಳಲ್ಲಿ ಒಂದಷ್ಟು ಇಲ್ಲೇ ಮುಗಿಯುತ್ತವೆ.

## ಹಂತ 2: ಧೂಳಿಲ್ಲದ ಅನಿಲವನ್ನು ಮೊದಲು ಸರಿಮಾಡಿ

ಟೂಲ್‌ಬಾಕ್ಸಿನಿಂದ ಚಾಪ್‌ಮನ್–ಜೂಗೆ ವೇಗ, ಅಂದರೆ ತನ್ನ ಶಾಖದಿಂದಲೇ ಸ್ಥಿರವಾಗಿ ಓಡುವ ಅಲೆಯ ವೇಗ, ತೆಗೆಯಿರಿ. ಸೆಕೆಂಡಿಗೆ ಸುಮಾರು 1,970 ಮೀಟರ್, ಒತ್ತಡ 15.6 ವಾಯುಮಂಡಲದ ಆಸುಪಾಸು, ತಾಪಮಾನ 2,950 ಕೆಲ್ವಿನ್ ಹತ್ತಿರ ಬರಬೇಕು. ವೇಗದಲ್ಲಿ 20 ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮಿಶ್ರಣದ ಪ್ರಮಾಣ ತಪ್ಪಿದೆ. ಮೋಲ್ ಪಾಲು ಕೊಡಬೇಕಾದಲ್ಲಿ ತೂಕದ ಪಾಲು ಕೊಟ್ಟಿರುವುದೇ ಸಾಮಾನ್ಯ ಕಾರಣ.

ಪ್ರಯೋಗದ ಗಾಳಿ ಸಿಲಿಂಡರಿನದೋ ಹೊರಗಿನದೋ ಎಂದೂ ನೋಡಿ. ಕರಾವಳಿಯ ಮಳೆಗಾಲದ ಗಾಳಿ, 30 ಡಿಗ್ರಿ, 90 ಶೇಕಡಾ ಆರ್ದ್ರತೆ ಎಂದರೆ ಅದರಲ್ಲಿ ನೀರಾವಿಯೇ ಸುಮಾರು 3.8 ಶೇಕಡಾ. ಅದು ಮಿಶ್ರಣವನ್ನು ತೆಳುವಾಗಿಸುವುದು ಮಾತ್ರವಲ್ಲ, ಹೈಡ್ರೋಜನ್ ಪರಮಾಣು ಮತ್ತು ಆಮ್ಲಜನಕ ಸೇರುವ ಮೂರು ಕಣಗಳ ಕ್ರಿಯೆಯಲ್ಲಿ ಸಾರಜನಕಕ್ಕಿಂತ ಎಷ್ಟೋ ಪಟ್ಟು ಪರಿಣಾಮಕಾರಿ ಮೂರನೆಯವನಾಗಿ ಇಂಡಕ್ಷನ್ ಉದ್ದವನ್ನೂ ಹಿಗ್ಗಿಸುತ್ತದೆ. ಒಣ ಗಾಳಿಯ ಪ್ರಯೋಗಕ್ಕೆ ಹೋಲಿಸುತ್ತಿದ್ದರೆ ಇದು ಬೇಡ.

ನಂತರ ಧೂಳು ಸೇರಿಸಿದ ಸಮತೋಲನದ ಲೆಕ್ಕ. ಸಿಇಎಯನ್ನು ಅನಿಲದ ಸಾಲಿಗೆ ಮಾತ್ರ ಬಳಸಿ. ಧೂಳಿಗೆ ಹ್ಯೂಗೊನಿಯೊ ಲೆಕ್ಕ (ಅಲೆಯ ಮುಂದಿನ, ಹಿಂದಿನ ಸ್ಥಿತಿಗಳನ್ನು ಜೋಡಿಸುವ ಶಕ್ತಿಯ ಲೆಕ್ಕ) ನೀವೇ ಬರೆಯುವುದು ಕ್ಷೇಮ. ಸಾಂದ್ರತೆಯ ಅನುಪಾತವನ್ನು 1.3ರಿಂದ 2.5ರವರೆಗೆ ಬದಲಿಸುತ್ತ, ಪ್ರತಿ ಸಲ ಅನಿಲ–ಕಣ ಎರಡೂ ಒಂದೇ ವೇಗ, ಒಂದೇ ತಾಪಮಾನದಲ್ಲಿವೆ ಎಂದು ಶಕ್ತಿ ಸಮೀಕರಣ ಬಿಡಿಸಿ ಅಲೆಯ ವೇಗ ಪಡೆಯಿರಿ. ಅವುಗಳಲ್ಲಿ ಅತಿ ಕಡಿಮೆಯದೇ ಉತ್ತರ. ಇದನ್ನು ಎರಡು ಸಲ ಮಾಡಿ: ಧೂಳು ಜಡ ಎಂದು ಒಮ್ಮೆ, ಪೂರ್ತಿ ಉರಿದಿದೆ ಎಂದು ಒಮ್ಮೆ. ಜಡ ಧೂಳಿನ ವೇಗ ಶುದ್ಧ ಅನಿಲದ್ದಕ್ಕಿಂತ ಕಡಿಮೆ ಬರದಿದ್ದರೆ ಚಿಹ್ನೆಯಲ್ಲಿ ತಪ್ಪಿದೆ.

## ಹಂತ 3: ಕಣ ಯಾವುದರೊಂದಿಗೆ ಉರಿಯುತ್ತದೆ?

ಸಮಪ್ರಮಾಣದ ಹೈಡ್ರೋಜನ್–ಗಾಳಿಯಲ್ಲಿ ಅನಿಲ ಉರಿದ ಮೇಲೆ ಆಮ್ಲಜನಕ ಬಹುತೇಕ ಖಾಲಿ. ಮಾದರಿಯಲ್ಲಿ ಅಲ್ಯುಮಿನಿಯಂ ಆಮ್ಲಜನಕದೊಂದಿಗೆ ಮಾತ್ರ ವರ್ತಿಸುತ್ತದೆ ಎಂದು ಬರೆದಿದ್ದರೆ ಕಣ 3,000 ಕೆಲ್ವಿನ್‌ಗೆ ಕಾದರೂ ಸುಮ್ಮನೆ ಕೂತಿರುತ್ತದೆ. ಅನಿಲದ ಅಲೆಯ ಹಿಂದೆ ಧೂಳು ಉರಿದು ಹುಟ್ಟಬೇಕಾದ ಎರಡನೆಯ ಅಲೆ ಕಾಣಲಿಲ್ಲ ಎನ್ನುವವರ ಕೋಡ್ ತೆರೆದರೆ ಹತ್ತಿರ ಹತ್ತಿರ ಇದೇ ಕಾಣುವುದು. ಇಲ್ಲಿ ನಿಜವಾದ ಆಕ್ಸಿಡೈಜರ್ ನೀರಾವಿ: ಎರಡು ಅಲ್ಯುಮಿನಿಯಂ, ಮೂರು ನೀರು ಸೇರಿ ಒಂದು ಅಲ್ಯುಮಿನಾ, ಮೂರು ಹೈಡ್ರೋಜನ್.

ಶಕ್ತಿಯ ಲೆಕ್ಕವೂ ಇದರೊಂದಿಗೆ ಬದಲಾಗುತ್ತದೆ. ಆಮ್ಲಜನಕದೊಂದಿಗೆ ಉರಿದರೆ ಅಲ್ಯುಮಿನಿಯಂ ಕೆಜಿಗೆ 31 ಮೆಗಾಜೂಲ್ ಕೊಡುತ್ತದೆ. ನೀರಾವಿಯೊಂದಿಗಾದರೆ ನೀರನ್ನು ಒಡೆಯಲು ಅದರಲ್ಲೇ ಒಂದಷ್ಟು ಖರ್ಚಾಗಿ 17.6 ಮಾತ್ರ ಉಳಿಯುತ್ತದೆ. ಪಠ್ಯಪುಸ್ತಕದ 31ನ್ನು ಹಾಗೇ ತುಂಬಿದವರಿಗೆ ವೇಗ ವಿಪರೀತ ಬರುವುದು ಸಹಜ. ನಮ್ಮ ಉದಾಹರಣೆಯಲ್ಲಿ ಘನಮೀಟರ್ ಅನಿಲ ಕೊಡುವುದು 2.9 ಮೆಗಾಜೂಲ್, 200 ಗ್ರಾಂ ಧೂಳು ನೀರಾವಿಯೊಂದಿಗೆ ಕೊಡುವುದು 3.5. ಅಂದರೆ ತಡವಾಗಿ ಬರುವ ಶಾಖವೇ ಹೆಚ್ಚು, ಅಲೆಯ ರಚನೆ ತಲೆಕೆಳಗಾಗುವುದು ಇದರಿಂದಲೇ.

ಮಿತಿಯನ್ನೂ ನೋಡಿ. ಘನಮೀಟರ್ ಮಿಶ್ರಣ ಉರಿದರೆ ಸುಮಾರು 12.1 ಮೋಲ್ ನೀರಾವಿ. ಅದು ಉರಿಸಬಲ್ಲದ್ದು ಸುಮಾರು 217 ಗ್ರಾಂ ಅಲ್ಯುಮಿನಿಯಂ. ಇದಕ್ಕಿಂತ ಹೆಚ್ಚು ಧೂಳು ಹಾಕಿದರೆ ಉಳಿದದ್ದು ಬರೀ ಶಾಖ ಹೀರುವ ಹೊರೆ. ಕೋಡಿನಲ್ಲಿ ಆಕ್ಸಿಡೈಜರ್ ಮುಗಿದಾಗ ಕ್ರಿಯೆ ತಾನಾಗಿ ನಿಲ್ಲುವಂತೆ ಬರೆಯಿರಿ, ಇಲ್ಲದಿದ್ದರೆ ನೀರಾವಿಯ ಪಾಲು ಸೊನ್ನೆಗಿಂತ ಕೆಳಗೆ ಜಾರುತ್ತದೆ.

ಅಲ್ಯುಮಿನಾವನ್ನು ಎಲ್ಲಿ ಇಡುವುದು ಎಂಬುದು ಮುಂದಿನ ತೊಡಕು. ಅದನ್ನು 102 ಅಣುತೂಕದ ಇನ್ನೊಂದು ಅನಿಲ ಎಂದು ಪಟ್ಟಿಗೆ ಸೇರಿಸುವುದು ಸುಲಭ, ಆದರೆ ತಪ್ಪು. ಆದರ್ಶ ಅನಿಲದ ಸಮೀಕರಣ ಅದಕ್ಕೂ ಒತ್ತಡ ಲೆಕ್ಕ ಹಾಕಿಬಿಡುತ್ತದೆ. ಅದು ದ್ರವದ ಸೂಕ್ಷ್ಮ ಹನಿಗಳ ಹೊಗೆ. ಅನಿಲದ ವೇಗದಲ್ಲೇ ಹೋಗುವ, ಶಾಖ ಹಿಡಿದಿಡುವ, ಆದರೆ ಒತ್ತಡ ಕೊಡದ ಅಂಶವಾಗಿ ಇಡಿ. ತಾಪಮಾನ ತುಂಬ ಏರಿದರೆ ಅಲ್ಯುಮಿನಾ ಒಡೆದು ಅಲ್ಯುಮಿನಿಯಂ ಮಾನಾಕ್ಸೈಡ್, ಆಮ್ಲಜನಕ ಇತ್ಯಾದಿಯಾಗಿ ಶಾಖ ಹೀರುತ್ತದೆ. ಈ ಒಡೆಯುವಿಕೆಯನ್ನು ಬಿಟ್ಟ ಮಾದರಿಯಲ್ಲಿ 5,000 ಕೆಲ್ವಿನ್ ದಾಟಿದ ತಾಪಮಾನ ಕಂಡರೆ ಆಶ್ಚರ್ಯ ಬೇಡ. ಉಷ್ಣಗುಣಗಳ ಬಹುಪದಗಳು ಎಷ್ಟು ಕೆಲ್ವಿನ್‌ವರೆಗೆ ಮಾನ್ಯ ಎಂದು ಆ ಫೈಲಿನಲ್ಲೇ ಬರೆದಿರುತ್ತದೆ. ಹಲವು ಫೈಲುಗಳಲ್ಲಿ ಅದು 3,500ಕ್ಕೇ ಮುಗಿಯುತ್ತದೆ.

ಹೊತ್ತಿಕೊಳ್ಳುವ ತಾಪಮಾನಕ್ಕೆ ಒಂದೇ ಸರಿಯುತ್ತರ ಇಲ್ಲ. ದೊಡ್ಡ ಕಣಕ್ಕೆ 2,327 ಕೆಲ್ವಿನ್ ಸಮಂಜಸ. ಸಣ್ಣ ಕಣ, ಚಕ್ಕೆಯಾಕಾರದ ಪುಡಿ ಇವು ಇನ್ನೂ ಕೆಳಗೆ ಹೊತ್ತಿಕೊಳ್ಳುತ್ತವೆ, 1,350 ಕೆಲ್ವಿನ್ ಬಳಸುವ ಮಾದರಿಗಳೂ ಇವೆ. ಎರಡಕ್ಕೂ ಓಡಿಸಿ ವ್ಯತ್ಯಾಸ ವರದಿ ಮಾಡಿ.

## ಹಂತ 4: ಕೊಡುಕೊಳ್ಳುವ ಲೆಕ್ಕ ಮತ್ತು ಪೆಟ್ಟಿಗೆ ಪರೀಕ್ಷೆ

ಅನಿಲಕ್ಕೆ ಒಂದು ಸಮೀಕರಣ ಗುಂಪು, ಧೂಳಿಗೆ ಇನ್ನೊಂದು. ನಡುವೆ ದ್ರವ್ಯ, ಸಂವೇಗ, ಶಕ್ತಿ ಮೂರೂ ವಿನಿಮಯವಾಗುತ್ತವೆ. ಊರಿನ ಸಹಕಾರಿ ಸಂಘದ ಖಾತೆಯಂತೆ ಒಂದು ಕಡೆ ಖರ್ಚು ಬಿದ್ದದ್ದು ಇನ್ನೊಂದು ಕಡೆ ಜಮೆಯಾಗಿರಲೇಬೇಕು.

ಅತಿ ಹೆಚ್ಚು ತಪ್ಪುವ ಸಾಲು ಡ್ರ್ಯಾಗ್ ಮಾಡುವ ಕೆಲಸದ್ದು. ಅನಿಲದ ಶಕ್ತಿ ಸಮೀಕರಣದಿಂದ ಕಳೆಯಬೇಕಾದ್ದು ಡ್ರ್ಯಾಗ್ ಬಲ ಗುಣಿಸು ಕಣದ ವೇಗ. ಅಲ್ಲಿ ಅನಿಲದ ವೇಗ ಬರೆದರೆ ಜಾರಿಕೆಯಿಂದ (ಅನಿಲ–ಕಣಗಳ ವೇಗದ ವ್ಯತ್ಯಾಸದಿಂದ) ಹುಟ್ಟುವ ಶಾಖ ಮಾಯವಾಗುತ್ತದೆ, ಒಟ್ಟು ಶಕ್ತಿ ನಿಧಾನವಾಗಿ ಸೋರುತ್ತದೆ, ಅಲೆ ಅರ್ಧ ದಾರಿಯಲ್ಲಿ ಸಾಯುತ್ತದೆ. ಕಣ ಉರಿದು ತೂಕ ಕಳೆದುಕೊಳ್ಳುವಾಗ ಆ ತೂಕದ ಜೊತೆ ಅದರ ಸಂವೇಗ, ಶಕ್ತಿಯೂ ಅನಿಲಕ್ಕೆ ಹೋಗಬೇಕು. ತೂಕವನ್ನಷ್ಟೇ ವರ್ಗಾಯಿಸಿ ಉಳಿದದ್ದನ್ನು ಮರೆಯುವುದು ಎರಡನೆಯ ಸಾಮಾನ್ಯ ತಪ್ಪು.

ಇದನ್ನು ಹಿಡಿಯಲು ಒಂದೇ ಗ್ರಿಡ್ ಸೆಲ್ಲಿನ ಪೆಟ್ಟಿಗೆ ಪರೀಕ್ಷೆ ಮಾಡಿ. ಗೋಡೆಯಿಲ್ಲ, ರಸಾಯನವಿಲ್ಲ. 0.855 ಕೆಜಿ ಅನಿಲ ಸೆಕೆಂಡಿಗೆ 1,000 ಮೀಟರ್ ವೇಗದಲ್ಲಿ, 0.2 ಕೆಜಿ ಧೂಳು ನಿಂತಲ್ಲೇ. ಸಾಕಷ್ಟು ಸಮಯ ಬಿಟ್ಟರೆ ಎರಡೂ ಸೆಕೆಂಡಿಗೆ 810 ಮೀಟರಿಗೆ ಬರಬೇಕು. ಕಳೆದುಹೋದ ಚಲನಶಕ್ತಿ ಘನಮೀಟರಿಗೆ 81 ಕಿಲೋಜೂಲ್, ಅದು ಪೂರ್ತಿ ಶಾಖವಾಗಿ ಕಾಣಬೇಕು. ಒಟ್ಟು ಶಕ್ತಿ ಹತ್ತು ದಶಮಾಂಶ ಸ್ಥಾನದವರೆಗೂ ಅಲ್ಲಾಡಬಾರದು. ಆಮೇಲೆ ಉರಿಯುವಿಕೆ ಸೇರಿಸಿ ಅಲ್ಯುಮಿನಿಯಂ, ಆಮ್ಲಜನಕ, ಹೈಡ್ರೋಜನ್ ಪರಮಾಣುಗಳನ್ನು ಒಂದೊಂದಾಗಿ ಎಣಿಸಿ. ಈ ಪರೀಕ್ಷೆ ದಾಟದೆ ಮುಂದಿನ ಹಂತಕ್ಕೆ ಕಾಲಿಡಬೇಡಿ.

ಶಿಲ್ಲರ್–ನೌಮನ್‌ಗೆ ಮ್ಯಾಕ್ ಸಂಖ್ಯೆಯ (ಹರಿವಿನ ವೇಗ ಭಾಗಿಸು ಶಬ್ದದ ವೇಗ) ಅರಿವಿಲ್ಲ. ಆಘಾತದ ಬೆನ್ನಿಗೆ ಕಣದ ಸುತ್ತ ಹರಿವು ಶಬ್ದದ ವೇಗ ಮೀರಿರುತ್ತದೆ, ಹಾಗಾಗಿ ಹೆಂಡರ್ಸನ್‌ನ 1976ರ ಅಥವಾ ಲಾತ್‌ನ 2008ರ ಸೂತ್ರಕ್ಕೆ ಬದಲಿಸಿ ವ್ಯತ್ಯಾಸ ನೋಡಿ. ಕಣದ ಗಾತ್ರ ಒಂದೇ ಎಂದು ಊಹಿಸುವುದು ಇದಕ್ಕಿಂತ ದೊಡ್ಡ ತಪ್ಪು: ವ್ಯಾಸ ಎರಡು ಪಟ್ಟಾದರೆ ಬೆಕ್‌ಸ್ಟೆಡ್ ಲೆಕ್ಕದಲ್ಲಿ ಉರಿಯುವ ಸಮಯ ಮೂರೂವರೆ ಪಟ್ಟು. ಮೂರರಿಂದ ಐದು ಗಾತ್ರದ ಗುಂಪು ಮಾಡಿ. ತೇವದ ಗಾಳಿಯಲ್ಲಿ ಪುಡಿ ಗಂಟುಕಟ್ಟುತ್ತದೆ ಎಂಬುದು ನೆನಪಿರಲಿ. ಡಬ್ಬಿಯ ಮೇಲಿನ ಗಾತ್ರವೇ ತೇಲುವ ಗಾತ್ರವಲ್ಲ.

## ಹಂತ 5: ಸ್ಥಿರ ರಚನೆಯನ್ನು ಬಿಡಿಸಿ

ಅಲೆಯ ಜೊತೆ ಓಡುವ ಚೌಕಟ್ಟಿನಲ್ಲಿ, ಕಾಲದೊಂದಿಗೆ ಬದಲಾಗದ ಒಂದು ಆಯಾಮದ ಸಮೀಕರಣ ಬಿಡಿಸುವುದು ಈ ಹಂತ. ಆಘಾತ ದಾಟಿದ ಕ್ಷಣ ಅನಿಲ ನಿಧಾನವಾಗುತ್ತದೆ, ಕಣ ಮಾತ್ರ ಹಳೆಯ ವೇಗ, ಹಳೆಯ ತಾಪಮಾನದಲ್ಲೇ ಇರುತ್ತದೆ. ಆರಂಭದ ಷರತ್ತು ಇದೇ. ಕಣಕ್ಕೂ ಆಘಾತದ ಜಿಗಿತ ಹಾಕಬೇಡಿ.

ಶುದ್ಧ ಅನಿಲದಲ್ಲಿ ವೇಗ ಮೊದಲೇ ಗೊತ್ತಿರುತ್ತದೆ. ಇಲ್ಲಿ ಅದು ಲೆಕ್ಕದಿಂದ ಹೊರಬರಬೇಕು. ಅನಿಲ ಶಾಖ ಕೊಡುತ್ತದೆ, ಕಣ ಕಾಯುತ್ತ ಹೀರುತ್ತದೆ, ಆಮೇಲೆ ಕಣ ಉರಿದು ಮತ್ತೆ ಕೊಡುತ್ತದೆ. ಹರಿವು ಶಬ್ದದ ವೇಗ ಮುಟ್ಟುವ ಜಾಗದಲ್ಲಿ (ಸೋನಿಕ್ ಬಿಂದು) ಕೊಟ್ಟದ್ದು–ಹೀರಿದ್ದು ಸರಿಸಮವಾಗಿರಬೇಕು. ವೇಗ ಕಡಿಮೆ ಊಹಿಸಿದರೆ ಸಮವಾಗುವ ಮೊದಲೇ ಮ್ಯಾಕ್ ಸಂಖ್ಯೆ 1 ಮುಟ್ಟಿ ಲೆಕ್ಕ ಸಿಡಿಯುತ್ತದೆ. ಹೆಚ್ಚು ಊಹಿಸಿದರೆ ಸೋನಿಕ್ ಬಿಂದುವೇ ಬರುವುದಿಲ್ಲ. ಎರಡರ ನಡುವೆ ಅರ್ಧರ್ಧ ಮಾಡುತ್ತ ಹೋಗಿ. ಮ್ಯಾಕ್ ಸಂಖ್ಯೆಗೆ ಅನಿಲದ ಸ್ವಂತ, ಸಂಯೋಜನೆ ಹೆಪ್ಪುಗಟ್ಟಿದ ಶಬ್ದವೇಗ ಬಳಸಿ. ಧೂಳು ಸೇರಿದ ಸಮತೋಲನದ ಶಬ್ದವೇಗ ಕಡಿಮೆ ಇರುತ್ತದೆ, ಅದನ್ನು ಹಾಕಿದರೆ ಸೋನಿಕ್ ಬಿಂದು ತಪ್ಪಾದ ಕಡೆ ಬೀಳುತ್ತದೆ.

ಒಂದಕ್ಕಿಂತ ಹೆಚ್ಚು ಉತ್ತರ ಬಂದರೆ ಗಾಬರಿ ಬೇಡ. ವೆಸ್ಸಿಯೇರ್ ಮತ್ತು ಖಾಸೈನೋವ್ ಇಂಥ ಮಿಶ್ರಣಗಳಲ್ಲಿ ಮೂರು ಬಗೆ ಗುರುತಿಸಿದ್ದಾರೆ. ಮೊದಲನೆಯದರಲ್ಲಿ ಅನಿಲವೇ ಅಲೆಯನ್ನು ಎಳೆಯುತ್ತದೆ, ಧೂಳು ಬಹಳ ಹಿಂದೆ ಉರಿಯುತ್ತದೆ, ವೇಗ ಶುದ್ಧ ಅನಿಲದ್ದಕ್ಕಿಂತ ತುಸು ಕಡಿಮೆ. ಎರಡನೆಯದರಲ್ಲಿ ಕಣದ ಶಾಖವೂ ಮುಂಚೂಣಿಗೆ ತಲುಪಿ ಒಂದೇ ಅಲೆ. ಮೂರನೆಯದು ಜೋಡಿ ಅಲೆ: ಮುಂದೆ ಅನಿಲದ್ದು, ಒಂದಷ್ಟು ಅಂತರದಲ್ಲಿ ಧೂಳಿನ ಎರಡನೆಯ ಆಘಾತ. ನಿಮ್ಮ ಗಾತ್ರ, ಪ್ರಮಾಣಕ್ಕೆ ಯಾವುದು ಎಂದು ಇಲ್ಲೇ ತಿಳಿದುಕೊಂಡರೆ ಮುಂದಿನ ಹಂತದಲ್ಲಿ ಏನನ್ನು ಹುಡುಕಬೇಕು ಎಂಬುದು ಸ್ಪಷ್ಟ.

## ಹಂತ 6: ಕಾಲದೊಂದಿಗೆ ಓಡುವ ಒಂದು ಆಯಾಮ

ಅನಿಲಕ್ಕೆ ಎಚ್‌ಎಲ್‌ಎಲ್‌ಸಿಯಂಥ ಫ್ಲಕ್ಸ್ (ಸೆಲ್‌ನಿಂದ ಸೆಲ್‌ಗೆ ಹರಿಯುವುದರ ಲೆಕ್ಕ), ರಸಾಯನಕ್ಕೆ ಪ್ರತ್ಯೇಕ ಸ್ಟಿಫ್ (ಬಹಳ ಬೇಗ ಬದಲಾಗುವ ಕ್ರಿಯೆಗಳ) ಸಾಲ್ವರ್, ಎರಡನ್ನೂ ಸರದಿಯಲ್ಲಿ ಬಿಡಿಸುವ ಸ್ಟ್ರ್ಯಾಂಗ್ ವಿಭಜನೆಯಲ್ಲಿ ಜೋಡಿಸಿ. ಧೂಳಿಗೆ ಒತ್ತಡವಿಲ್ಲದ್ದರಿಂದ ಅದರ ಸಮೀಕರಣ ಮೊನಚು ಶಿಖರಗಳನ್ನು ಹುಟ್ಟಿಸುತ್ತದೆ. ಅಲ್ಲಿ ರುಸಾನೋವ್‌ನಂಥ ಮಂದ, ಆದರೆ ಗಟ್ಟಿ ವಿಧಾನ ಸಾಕು. ಧೂಳಿನ ಸಾಂದ್ರತೆ ಬಹಳ ಕಡಿಮೆಯಾದ ಸೆಲ್ಲುಗಳಲ್ಲಿ ಸಂವೇಗವನ್ನು ಸಾಂದ್ರತೆಯಿಂದ ಭಾಗಿಸಿದರೆ ಅಸಂಬದ್ಧ ವೇಗ ಬರುತ್ತದೆ, ಒಂದು ಕನಿಷ್ಠ ಮಿತಿ ಇಟ್ಟು ಅದಕ್ಕಿಂತ ಕೆಳಗೆ ಅನಿಲದ ವೇಗವನ್ನೇ ಕೊಡಿ.

ಮೆಶ್: ಇಂಡಕ್ಷನ್ ಉದ್ದಕ್ಕೆ ಕನಿಷ್ಠ 20 ಸೆಲ್, ಅಂದರೆ 10 ಮೈಕ್ರೋಮೀಟರ್. ಕಣದ ವ್ಯಾಸವೂ ಅಷ್ಟೇ ಎಂಬುದನ್ನು ಗಮನಿಸಿ. ಲಗ್ರಾಂಜ್ ರೀತಿಯಲ್ಲಿ ಒಂದೊಂದು ಕಣ ಹಿಂಬಾಲಿಸುವವರು ಕಣದ ಶಾಖ–ಬಲವನ್ನೆಲ್ಲ ಒಂದೇ ಸೆಲ್ಲಿಗೆ ಸುರಿದರೆ ಆ ಸೆಲ್ ಸುಟ್ಟುಹೋಗುತ್ತದೆ. ಹತ್ತಾರು ಸೆಲ್ಲುಗಳಿಗೆ ಹರಡಿ, ಹರಡುವ ಅಗಲವನ್ನು ಮೀಟರಿನ ಅಳತೆಯಲ್ಲಿ ಸ್ಥಿರವಾಗಿಡಿ. ಸೆಲ್ ಸಂಖ್ಯೆಯಲ್ಲಿ ಇಟ್ಟರೆ ಮೆಶ್ ಬದಲಿಸಿದಾಗಲೆಲ್ಲ ಭೌತಶಾಸ್ತ್ರವೂ ಬದಲಾಗುತ್ತದೆ.

ಖರ್ಚಿನ ಲೆಕ್ಕ: ಅರ್ಧ ಮೀಟರಿಗೆ 50,000 ಸೆಲ್, ಕೌರಂಟ್ ಸಂಖ್ಯೆ (ಒಂದು ಕಾಲಹೆಜ್ಜೆಯಲ್ಲಿ ಅಲೆ ಸೆಲ್ಲಿನ ಎಷ್ಟು ಪಾಲು ದಾಟುತ್ತದೆ ಎಂಬುದು) 0.3 ಇಟ್ಟರೆ ಕಾಲಹೆಜ್ಜೆ ಸುಮಾರು 1.2 ನ್ಯಾನೋಸೆಕೆಂಡು, ಒಂದು ಮಿಲಿಸೆಕೆಂಡಿಗೆ 8 ಲಕ್ಷಕ್ಕೂ ಹೆಚ್ಚು ಹೆಜ್ಜೆ. ಅಲೆಯ ಮುಂಚೂಣಿಯಲ್ಲಷ್ಟೇ ಸಣ್ಣ ಸೆಲ್, ದೂರದಲ್ಲಿ ದೊಡ್ಡ ಸೆಲ್ ಇಡುವ ಹೊಂದಿಕೊಳ್ಳುವ ಮೆಶ್ ಇಲ್ಲಿ ಕೆಲಸಕ್ಕೆ ಬರುತ್ತದೆ. ರನ್ ದಿನಗಟ್ಟಲೆ ಓಡುವಂಥದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲಾಗಲಿ ಕೆಳಗಾಗಲಿ ಕರೆಂಟನ್ನು ನಂಬಿ ಕೂರುವಂತಿಲ್ಲ. ಅರ್ಧ ಗಂಟೆಗೊಂದು ರೀಸ್ಟಾರ್ಟ್ ಫೈಲ್, ಹಿಂದಿನದನ್ನು ಅಳಿಸುವ ಮೊದಲು ಹೊಸದು ಪೂರ್ತಿ ಬರೆದಿದೆಯೇ ಎಂಬ ಪರೀಕ್ಷೆ, ಎರಡೂ ಸ್ಕ್ರಿಪ್ಟಿನಲ್ಲೇ ಇರಲಿ.

ಕಿಡಿ ಕೊಡಲು ಮುಚ್ಚಿದ ತುದಿಯಲ್ಲಿ ಕೆಲವು ಸೆಂಟಿಮೀಟರ್ ಉದ್ದದ ಬಿಸಿ, ಒತ್ತಡದ ವಲಯ ಸಾಕು. 20–30 ವಾಯುಮಂಡಲ, 3,000 ಕೆಲ್ವಿನ್. ಅಲ್ಲಿ ಧೂಳು ಹಾಕಬೇಡಿ. ಶುರುವಿನಲ್ಲಿ ಅಲೆ ಮಿತಿಗಿಂತ ವೇಗವಾಗಿ ಓಡುತ್ತದೆ, ಆ ಭಾಗದ ವೇಗವನ್ನು ಉತ್ತರ ಎಂದು ಬರೆಯಬೇಡಿ; ಕೊನೆಯ ಮೂರನೇ ಒಂದು ಭಾಗವನ್ನಷ್ಟೇ ಅಳೆಯಿರಿ. ಮೊದಲ ರನ್ ಧೂಳಿಲ್ಲದೆ, ಎರಡನೆಯದು ಜಡ ಧೂಳಿನೊಂದಿಗೆ, ಮೂರನೆಯದು ಉರಿಯುವ ಧೂಳಿನೊಂದಿಗೆ. ಪ್ರತಿಯೊಂದನ್ನೂ ಎರಡನೇ, ಐದನೇ ಹಂತದ ಅಂಕಿಗೆ ತಾಳೆ ನೋಡಿ.

## ಹಂತ 7: ಎರಡು ಆಯಾಮ, ಅಗತ್ಯವಿದ್ದರೆ ಮಾತ್ರ

ಈ ಅನಿಲದ ಡೆಟೊನೇಶನ್ ಸೆಲ್ (ಮೆಶ್ಶಿನ ಸೆಲ್ ಅಲ್ಲ, ಅಲೆಯೇ ಬಿಡಿಸುವ ಮೀನಿನ ಪೊರೆಯಂಥ ವಿನ್ಯಾಸದ ಒಂದು ಕೋಶ) ಅಗಲ ಪ್ರಯೋಗಗಳಲ್ಲಿ 8ರಿಂದ 16 ಮಿಮೀ. ಕಾಲುವೆಯ ಅಗಲ ಅಂಥ ಕನಿಷ್ಠ ಐದಾರು ಸೆಲ್ ಹಿಡಿಯಬೇಕು. 10 ಮೈಕ್ರೋಮೀಟರಿನ ಏಕರೂಪ ಮೆಶ್ಶಿನಲ್ಲಿ 100 ಮಿಮೀ ಅಗಲ, ಅರ್ಧ ಮೀಟರ್ ಉದ್ದ ಎಂದರೆ 50 ಕೋಟಿ ಗ್ರಿಡ್ ಸೆಲ್. ಲ್ಯಾಪ್‌ಟಾಪಿನ ಮಾತು ಅಲ್ಲಿಗೆ ಮುಗಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗದಂಥ ಯಂತ್ರದಲ್ಲಿ ಸಮಯ ಸಿಗುವುದೇ ನೋಡಿ. ಮಸಿ ಹಾಳೆಯ ಚಿತ್ರಕ್ಕೆ (ಪ್ರಯೋಗದಲ್ಲಿ ಮಸಿ ಬಳಿದ ಹಾಳೆಯ ಮೇಲೆ ಅಲೆ ಬಿಡುವ ಗುರುತಿಗೆ ಹೋಲಿಸಲು) ಪ್ರತಿ ಗ್ರಿಡ್ ಸೆಲ್ಲಿನ ಗರಿಷ್ಠ ಒತ್ತಡ ದಾಖಲಿಸಿ. ಸಿಗದಿದ್ದರೆ ಒಂದು ಆಯಾಮದ ಗಟ್ಟಿ ಫಲಿತಾಂಶಕ್ಕೇ ನಿಲ್ಲಿ. ದೊರಗು ಮೆಶ್ಶಿನ ಬಣ್ಣದ ಚಿತ್ರಕ್ಕಿಂತ ಅದರ ಬೆಲೆ ಹೆಚ್ಚು.

## ಈ ಚಿಹ್ನೆ ಕಂಡರೆ ರನ್ ನಿಲ್ಲಿಸಿ

ಕೌರಂಟ್ ಸಂಖ್ಯೆ ಬದಲಿಸಿದರೆ ಅಲೆಯ ವೇಗ ಬದಲಾಗುತ್ತದೆ. ಮೆಶ್ ಸಾಲದಿದ್ದಾಗ ಹೆಜ್ಜೆಗೊಂದು ಸೆಲ್ ಓಡುವ ಸುಳ್ಳು ಅಲೆ ಹುಟ್ಟುತ್ತದೆ. ಕೊಲೆಲ್ಲಾ, ಮಜ್ದಾ, ರಾಯ್ಟ್‌ಬರ್ಡ್ 1986ರಲ್ಲೇ ತೋರಿಸಿದ ದೋಷ ಇದು. ಅದರ ವೇಗ ಸೆಲ್ ಉದ್ದ ಭಾಗಿಸು ಕಾಲಹೆಜ್ಜೆ. ಕೌರಂಟ್ ಸಂಖ್ಯೆ 0.3ರಿಂದ 0.15ಕ್ಕೆ ಇಳಿಸಿ, ನಿಜವಾದ ಅಲೆಗೆ ಅದರ ಗೊಡವೆ ಇರುವುದಿಲ್ಲ.

ಆಘಾತ ಮುಟ್ಟಿದ ಕೂಡಲೇ ಕಣ ಉರಿಯುತ್ತದೆ. ಬೆಕ್‌ಸ್ಟೆಡ್ ಸೂತ್ರಕ್ಕೆ ವ್ಯಾಸವನ್ನು ಮೀಟರಿನಲ್ಲಿ ಕೊಟ್ಟಿದ್ದೀರಿ, ಇಲ್ಲವೇ ಉತ್ತರವನ್ನು ಮೈಕ್ರೋಸೆಕೆಂಡು ಎಂದು ಓದಿದ್ದೀರಿ.

ಎರಡನೆಯ ಅಲೆ ಕಾಣುತ್ತದೆ, ಆದರೆ ಡೊಮೇನ್ ಉದ್ದ ಬದಲಿಸಿದರೆ ಜಾಗ ಬದಲಿಸುತ್ತದೆ. ಅದು ಹಿಂದಿನ ಗಡಿಯಿಂದ ಮರಳಿದ ಪ್ರತಿಫಲನ. ಗಡಿಯನ್ನು ಎರಡು ಪಟ್ಟು ದೂರ ತಳ್ಳಿ ನೋಡಿ.

ಧೂಳು ಸೊನ್ನೆ ಮಾಡಿದರೂ ವೇಗ 1,970ಕ್ಕೆ ಮರಳುವುದಿಲ್ಲ. ಎಲ್ಲೋ ಒಂದು ಕಡೆ ಧೂಳಿನ ಕನಿಷ್ಠ ಮಿತಿಯೇ ಅನಿಲದಿಂದ ಶಾಖ ಕದಿಯುತ್ತಿದೆ. ಆ ಮಿತಿಯ ಕೆಳಗೆ ವಿನಿಮಯದ ಪದಗಳನ್ನೆಲ್ಲ ಪೂರ್ತಿ ಆರಿಸಿ.

ಪ್ರಯೋಗಕ್ಕೆ ಮೊದಲ ಸಲವೇ ಚಾಚೂ ತಪ್ಪದೆ ಹೊಂದಿತು. ಹೊತ್ತಿಕೊಳ್ಳುವ ತಾಪಮಾನ, ಉರಿಯುವ ಸಮಯ ಇವೆರಡನ್ನು ತಿರುಗಿಸಿ ಒಂದು ವೇಗಕ್ಕೆ ಹೊಂದಿಸುವುದು ಕಷ್ಟವಲ್ಲ. ಸ್ಟ್ರಾಸ್ 1968ರಲ್ಲಿ ಅಲ್ಯುಮಿನಿಯಂ–ಆಮ್ಲಜನಕದಲ್ಲಿ ಅಳೆದ ಸೆಕೆಂಡಿಗೆ ಸುಮಾರು 1,550 ಮೀಟರ್ ಎಂಬ ಒಂದು ಅಂಕಿಗೆ ಹೊಂದಿಸಿದ ಮಾದರಿಗಳು ಬೇಕಾದಷ್ಟಿವೆ. ಅದೇ ನಿಯತಾಂಕಗಳನ್ನು ಬದಲಿಸದೆ ಬೇರೆ ಕಣದ ಗಾತ್ರಕ್ಕೆ, ಬೇರೆ ಪ್ರಮಾಣಕ್ಕೆ ಓಡಿಸಿ. ಜೋಡಿ ಅಲೆ ಬಂದಿದ್ದರೆ ವೇಗದ ಜೊತೆ ಎರಡು ಅಲೆಗಳ ನಡುವಿನ ಸಮಯವನ್ನೂ ಒತ್ತಡದ ದಾಖಲೆಗೆ ಹೋಲಿಸಿ. ವರದಿಯಲ್ಲಿ ಯಾವ ನಿಯತಾಂಕವನ್ನು ಹೊಂದಿಸಿದಿರಿ, ಯಾವುದನ್ನು ಮುಟ್ಟಲಿಲ್ಲ ಎಂಬ ಎರಡು ಕಾಲಮ್ಮಿನ ಪಟ್ಟಿ ಮೊದಲ ಪುಟದಲ್ಲೇ ಇರಲಿ.